ಸೊಂಟದ ಬಟ್ಟಲಿಗೆ ಮೂಳೆ ಕಸಿ

ತೊಡೆಮೂಳೆಯ ಮೇಲ್ತುದಿಯ ಗುಂಡು ಕೂತು ತಿರುಗುವ ಜಾಗವೇ ಸೊಂಟದ ಬಟ್ಟಲು. ವೈದ್ಯರು ಇದನ್ನು ಅಸೆಟಾಬ್ಯುಲಮ್ ಎನ್ನುತ್ತಾರೆ. ಇಲಿಯಮ್, ಇಸ್ಕಿಯಮ್, ಪ್ಯೂಬಿಸ್ ಎಂಬ ಮೂರು ಮೂಳೆಗಳು ಸೇರುವ ಕಡೆ ಇದು ರೂಪುಗೊಳ್ಳುತ್ತದೆ. ಬಾಲ್ಯದಲ್ಲಿ ಈ ಮೂರರ ನಡುವೆ ಮೃದ್ವಸ್ಥಿ ಇರುತ್ತದೆ; ಹದಿಹರೆಯದಲ್ಲಿ ಮೂರೂ ಬೆಸೆದು ಒಂದಾಗುತ್ತವೆ. ಮುಂದೊಂದು ಹಿಂದೊಂದು ಗಟ್ಟಿ ಮೂಳೆಯ ಕಂಬ, ಮೇಲೆ ದಪ್ಪನೆಯ ಚಾವಣಿ, ಒಳಗಡೆ ತೆಳುವಾದ ಗೋಡೆ, ಸುತ್ತಲೂ ಅಂಚು: ಬಟ್ಟಲಿನ ರಚನೆ ಇಷ್ಟೇ. ಆದರೆ ಅದು ಹೊರುವ ಭಾರ ದೊಡ್ಡದು. ಸಾಮಾನ್ಯ ನಡಿಗೆಯಲ್ಲಿ ಪ್ರತಿ ಹೆಜ್ಜೆಗೂ ದೇಹತೂಕದ ಸುಮಾರು ಎರಡೂವರೆ ಪಟ್ಟು ಒತ್ತಡ ಅದರ ಮೇಲೆ ಬೀಳುತ್ತದೆ. ಎಡವಿದಾಗ ಈ ಒತ್ತಡ ಇನ್ನೂ ಹಲವು ಪಟ್ಟು ಏರುತ್ತದೆ. ಇಂಥ ಜಾಗದಲ್ಲಿ ಮೂಳೆಯೇ ಇಲ್ಲವಾದರೆ ಸೊಂಟದ ಕೀಲು ಬದಲಿ ಶಸ್ತ್ರಚಿಕಿತ್ಸೆ ಕಠಿಣವಾಗುತ್ತದೆ. ಆ ಕೊರತೆಯನ್ನು ಮೂಳೆಯಿಂದಲೇ ತುಂಬುವ ವಿಧಾನಕ್ಕೆ ಮೂಳೆ ಕಸಿ ಅಥವಾ ಬೋನ್ ಗ್ರಾಫ್ಟಿಂಗ್ ಎಂದು ಹೆಸರು.

ಇಂದಿನ ಕೀಲು ಬದಲಿ ಚಿಕಿತ್ಸೆಗೆ ಬುನಾದಿ ಹಾಕಿದವರು ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ. 1962ರಲ್ಲಿ ಅವರು ಲೋಹದ ಸಣ್ಣ ಗುಂಡಿಗೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕಪ್ ಜೋಡಿಸಿ, ಎರಡನ್ನೂ ಬೋನ್ ಸಿಮೆಂಟಿನಿಂದ ಮೂಳೆಗೆ ಕೂರಿಸಿದರು. ಮುಂದೆ ಸಿಮೆಂಟಿಲ್ಲದ ಕಪ್‌ಗಳೂ ಬಂದವು. ಅವುಗಳ ಹೊರಮೈ ಒರಟಾಗಿರುತ್ತದೆ; ರೋಗಿಯ ಮೂಳೆ ಆ ಒರಟಿನೊಳಗೆ ಬೆಳೆದು ಕಪ್ಪನ್ನು ಹಿಡಿದುಕೊಳ್ಳುತ್ತದೆ. ಎರಡು ಬಗೆಗೂ ಒಂದೇ ಅಗತ್ಯ: ಕಪ್ಪಿನ ಬೆನ್ನಿಗೆ ಜೀವಂತ ಮೂಳೆಯ ಆಸರೆ ಬೇಕು, ಅಂಚು ಅದನ್ನು ಸುತ್ತಲಿಂದ ಅಪ್ಪಿ ಹಿಡಿಯಬೇಕು. ಕೆಳಗೆ ಮೂಳೆಯಿಲ್ಲವೆಂದು ಕಪ್ಪನ್ನು ಮೇಲಕ್ಕೇರಿಸಿ ಇಟ್ಟರೆ ಕೀಲಿನ ಕೇಂದ್ರವೇ ಸರಿಯುತ್ತದೆ. ಕಾಲು ಗಿಡ್ಡವಾಗುತ್ತದೆ, ಪಕ್ಕದ ಸ್ನಾಯುಗಳು ಎಳೆತ ಕಳೆದುಕೊಳ್ಳುತ್ತವೆ, ರೋಗಿ ಕುಂಟುತ್ತಾನೆ. ಆದ್ದರಿಂದ ಕೇಂದ್ರವನ್ನು ಮೊದಲಿದ್ದ ಎತ್ತರಕ್ಕೇ ತಂದು, ನಡುವೆ ಉಳಿಯುವ ಖಾಲಿ ಜಾಗವನ್ನು ಯಾವುದಾದರೊಂದು ವಸ್ತುವಿನಿಂದ ತುಂಬಬೇಕಾಗುತ್ತದೆ.

ಮೂಳೆಯ ಕೊರತೆ ಹುಟ್ಟಿನಿಂದಲೇ ಬಂದಿರಬಹುದು. ಕೆಲವು ಮಕ್ಕಳಲ್ಲಿ ಬಟ್ಟಲು ಆಳವಾಗಿ ಬೆಳೆಯದೆ ತಟ್ಟೆಯಾಗಿ ಉಳಿಯುತ್ತದೆ, ಗುಂಡು ಅರ್ಧ ಹೊರಗೇ ಇರುತ್ತದೆ. ಡಿಸ್‌ಪ್ಲೇಸಿಯಾ ಎಂಬ ಈ ತೊಂದರೆಯನ್ನು ಶೈಶವದಲ್ಲಿ ಗುರುತಿಸದೆ ಬಿಟ್ಟರೆ ನಲವತ್ತರ ಹೊತ್ತಿಗೆ ಕೀಲು ಸವೆದುಹೋಗಬಹುದು. ಬದಲಿ ಕೀಲು ಹಾಕಲು ಹೋದಾಗ ಚಾವಣಿಯ ಹೊರಭಾಗವೇ ಇರುವುದಿಲ್ಲ. ಇದಕ್ಕೆ ತದ್ವಿರುದ್ಧವಾದ ಸ್ಥಿತಿಯೂ ಇದೆ. ರುಮಟಾಯ್ಡ್ ಸಂಧಿವಾತದಲ್ಲಿ, ಬೆನ್ನುಮೂಳೆಯನ್ನು ಬಿಗಿಗೊಳಿಸುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಲ್ಲಿ ಒಳಗೋಡೆ ಮೆತ್ತಗಾಗಿ, ಗುಂಡು ಕಿಬ್ಬೊಟ್ಟೆಯ ಕಡೆಗೆ ಒತ್ತಿಕೊಂಡು ಹೋಗುತ್ತದೆ. ಇದನ್ನು ಪ್ರೊಟ್ರೂಸಿಯೊ ಎನ್ನುತ್ತಾರೆ. ವಾಹನ ಅಪಘಾತದಲ್ಲಿ ಬಟ್ಟಲೇ ಒಡೆದು ಸರಿಯಾಗಿ ಕೂಡದೆ ಉಳಿದವರಿದ್ದಾರೆ. ಹಿಂದೆ ಕೀಲಿಗೆ ಕ್ಷಯ ತಗುಲಿ ಮೂಳೆ ತಿಂದುಹೋದವರು ಭಾರತದ ಆಸ್ಪತ್ರೆಗಳಿಗೆ ಈಗಲೂ ಬರುತ್ತಾರೆ.

ಆದರೆ ಮೂಳೆ ಕಸಿಯನ್ನು ಹೆಚ್ಚಾಗಿ ಬೇಡುವುದು ಹಿಂದೆ ಮಾಡಿದ ಕೀಲು ಬದಲಿಯೇ. ಪ್ಲಾಸ್ಟಿಕ್ ಕಪ್ಪಿನೊಳಗೆ ಗುಂಡು ವರ್ಷಗಟ್ಟಲೆ ಉಜ್ಜುತ್ತಾ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಉದುರುತ್ತವೆ. ಮ್ಯಾಕ್ರೊಫೇಜ್ ಎಂಬ ರಕ್ಷಕ ಕೋಶಗಳು ಅವನ್ನು ನುಂಗುತ್ತವೆ, ಆದರೆ ಜೀರ್ಣಿಸಿಕೊಳ್ಳಲಾರವು. ಕೆರಳಿದ ಆ ಕೋಶಗಳು ಹೊರಬಿಡುವ ರಾಸಾಯನಿಕ ಸಂದೇಶಗಳು ಮೂಳೆ ಕರಗಿಸುವ ಆಸ್ಟಿಯೊಕ್ಲಾಸ್ಟ್ ಕೋಶಗಳನ್ನು ಎಬ್ಬಿಸುತ್ತವೆ. ಹೀಗೆ ಕಪ್ಪಿನ ಹಿಂದೆ ಮೂಳೆ ಕರಗಿ ಹಳ್ಳ ಬೀಳುವುದಕ್ಕೆ ಆಸ್ಟಿಯೊಲೈಸಿಸ್ ಎಂದು ಹೆಸರು. ಮೊದಮೊದಲು ದೋಷವನ್ನು ಸಿಮೆಂಟಿನ ಮೇಲೆ ಹೊರಿಸಿ ‘ಸಿಮೆಂಟ್ ರೋಗ’ ಎಂದು ಕರೆದದ್ದೂ ಉಂಟು. ಸಿಮೆಂಟಿಲ್ಲದ ಕಪ್‌ಗಳ ಹಿಂದೆಯೂ ಅದೇ ಹಳ್ಳ ಕಂಡಾಗ ಕಣಗಳ ಪಾತ್ರ ಸ್ಪಷ್ಟವಾಯಿತು. ಇಲ್ಲಿ ಕಳವಳದ ವಿಷಯವೆಂದರೆ ಈ ಸವೆತಕ್ಕೆ ಬಹುಕಾಲ ನೋವೇ ಇಲ್ಲದಿರುವುದು. ರೋಗಿ ಹಾಯಾಗಿ ಓಡಾಡುತ್ತಿರುತ್ತಾನೆ, ಒಳಗೆ ಮೂಳೆ ಬರಿದಾಗುತ್ತಿರುತ್ತದೆ. ಕಪ್ ಸಡಿಲಗೊಂಡು ಅಲುಗತೊಡಗಿದ ಮೇಲೆ ಆ ಅಲುಗಾಟವೇ ಇನ್ನಷ್ಟು ಮೂಳೆಯನ್ನು ಅರೆಯುತ್ತದೆ. ಸೋಂಕು ತಗುಲಿದ ಕೀಲಿನಲ್ಲಂತೂ ನಷ್ಟ ಇನ್ನೂ ಬೇಗ. ಕೊನೆಗೆ ಹಳೆಯ ಕಪ್ಪನ್ನೂ ಸಿಮೆಂಟನ್ನೂ ತೆಗೆಯುವಾಗ ಉಳಿದ ಮೂಳೆಯಲ್ಲೂ ಸ್ವಲ್ಪ ಕಿತ್ತುಬರುತ್ತದೆ.

ಕೀಲು ಬದಲಿಯ ನಂತರ ಹೀಗೆ ಮೂಳೆ ಕಳೆದುಹೋಗುವ ಸಮಸ್ಯೆಗೆ ಭಾರತದಲ್ಲಿ ಹೆಚ್ಚಿನ ತೂಕವಿದೆ. ಪಶ್ಚಿಮದ ದೇಶಗಳಲ್ಲಿ ಕೀಲು ಬದಲಿ ಬಹುಪಾಲು ವಯಸ್ಸಾದವರ ಚಿಕಿತ್ಸೆ. ಇಲ್ಲಿ ಗುಂಡಿಗೆ ರಕ್ತ ಹರಿಯುವುದು ನಿಂತು ಅದು ಕುಸಿಯುವ ಅವ್ಯಾಸ್ಕುಲರ್ ನೆಕ್ರೋಸಿಸ್‌ನಿಂದ, ಸ್ಪಾಂಡಿಲೈಟಿಸ್‌ನಿಂದ ಮೂವತ್ತು ನಲವತ್ತರ ವಯಸ್ಸಿನವರೇ ಬಹಳ ಮಂದಿ ಕೀಲು ಬದಲಿಗೆ ಬರುತ್ತಾರೆ. ಆ ವಯಸ್ಸಿನಲ್ಲಿ ಹಾಕಿದ ಕೀಲು ಜೀವಮಾನವಿಡೀ ಬಾಳುತ್ತದೆಂದು ಭರವಸೆ ಕೊಡುವಂತಿಲ್ಲ. ಎರಡನೆಯ ಸಲ ಮಾತ್ರವಲ್ಲ, ಮೂರನೆಯ ಸಲವೂ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಹಾಗಾಗಿ ಈಗಿನ ಹಳ್ಳವನ್ನು ಹೇಗೆ ಮುಚ್ಚುವುದು ಎನ್ನುವಷ್ಟೇ ಮುಖ್ಯವಾದ ಪ್ರಶ್ನೆ, ಮುಂದಿನ ಸಲ ಬಂದಾಗ ಅಲ್ಲಿ ಎಷ್ಟು ಮೂಳೆ ಉಳಿದಿರುತ್ತದೆ ಎಂಬುದು.

ಹಳ್ಳ ಎಂಥದ್ದು ಎಂದು ತಿಳಿಯುವುದು ಮೊದಲ ಕೆಲಸ. 1989ರಲ್ಲಿ ಡಿ’ಆಂಟೋನಿಯೊ ಮತ್ತು ಸಂಗಡಿಗರು ಕೊಟ್ಟ ವಿಂಗಡಣೆ ಸರಳವಾಗಿದೆ. ಗೋಡೆ, ಅಂಚು ಉಳಿದು ಒಳಗೆ ಮಾತ್ರ ಗುಳಿ ಬಿದ್ದಿದ್ದರೆ ಅದೊಂದು ಬಗೆ. ಅಂಚೋ ಗೋಡೆಯೋ ಮುರಿದು ತುಂಡೇ ಕಾಣೆಯಾಗಿದ್ದರೆ ಇನ್ನೊಂದು ಬಗೆ. ಎರಡೂ ಕೂಡಿರುವುದು ಸಾಮಾನ್ಯ. ಬಟ್ಟಲು ಬಿರುಕುಬಿಟ್ಟು ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆ ಬೇರೆಯಾಗಿರುವುದು ಎಲ್ಲಕ್ಕಿಂತ ಕಷ್ಟದ್ದು. 1994ರಲ್ಲಿ ಅಮೆರಿಕದ ವೇಯ್ನ್ ಪ್ಯಾಪ್ರೋಸ್ಕಿ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ವಿಂಗಡಣೆ ಸಾದಾ ಎಕ್ಸ್-ರೇಯನ್ನೇ ಆಧರಿಸಿದೆ. ಕಪ್ ಎಷ್ಟು ಮೇಲೆ ಸರಿದಿದೆ, ಇಸ್ಕಿಯಮ್ ಮೂಳೆ ಎಷ್ಟು ಕರಗಿದೆ, ಒಳಗೋಡೆಯ ಗುರುತಾದ ಕಣ್ಣೀರ ಹನಿಯಾಕಾರದ ನೆರಳು ಉಳಿದಿದೆಯೇ, ಎಕ್ಸ್-ರೇಯಲ್ಲಿ ಬಟ್ಟಲಿನ ಒಳಗಡಿಯನ್ನು ತೋರಿಸುವ ಕ್ಯೋಲರ್ ಗೆರೆ ದಾಟಿ ಕಪ್ ಒಳನುಗ್ಗಿದೆಯೇ ಎಂಬ ನಾಲ್ಕು ಸಂಗತಿಗಳನ್ನು ನೋಡಿ ಕೊರತೆಯನ್ನು ಶ್ರೇಣೀಕರಿಸುತ್ತಾರೆ. ಮೂರನೆಯ ಶ್ರೇಣಿಯ ‘ಎ’ಯಲ್ಲಿ ಕಪ್ ಮೇಲಕ್ಕೂ ಹೊರಕ್ಕೂ ಸರಿದಿರುತ್ತದೆ, ‘ಬಿ’ಯಲ್ಲಿ ಮೇಲಕ್ಕೂ ಒಳಕ್ಕೂ. ಈ ‘ಬಿ’ ಎಂದರೆ ಅನುಭವಿ ಶಸ್ತ್ರವೈದ್ಯರಿಗೂ ಆತಂಕ. ಈಗ ಸಿ.ಟಿ. ಸ್ಕ್ಯಾನ್‌ನಿಂದ ಹಳ್ಳದ ಮೂರು ಆಯಾಮದ ಮಾದರಿಯನ್ನೇ ಮಾಡಿ ನೋಡಬಹುದು. ಇಷ್ಟಾದರೂ ಹಳೆಯ ಕಪ್ ತೆಗೆದು, ಅದರ ಹಿಂದಿನ ಲೋಳೆ ಪೊರೆಯನ್ನೆಲ್ಲ ಕೆರೆದ ಮೇಲೆ ಕಾಣುವ ಹಳ್ಳ ಚಿತ್ರದಲ್ಲಿ ಕಂಡದ್ದಕ್ಕಿಂತ ದೊಡ್ಡದಿರುವುದೇ ಹೆಚ್ಚು. ಅದಕ್ಕೆ ಸಿದ್ಧರಾಗಿಯೇ ಥಿಯೇಟರಿಗೆ ಹೋಗಬೇಕು.

ಕಸಿ ಮಾಡುವ ಮೂಳೆ ರೋಗಿಯದೇ ಆಗಿರಬಹುದು, ಬೇರೆಯವರದ್ದೂ ಆಗಿರಬಹುದು. ಮೊದಲ ಸಲ ಕೀಲು ಬದಲಿಸುವಾಗ ರೋಗಿಯ ತೊಡೆಮೂಳೆಯ ಗುಂಡನ್ನು ಹೇಗೂ ಕತ್ತರಿಸಿ ತೆಗೆಯುತ್ತಾರೆ. ಅದಕ್ಕಿಂತ ಒಳ್ಳೆಯ ಕಸಿ ಇಲ್ಲ. ಜೀವಂತ ಕೋಶಗಳೂ ಬೆಳವಣಿಗೆಯ ಪ್ರೋಟೀನುಗಳೂ ಅದರಲ್ಲಿರುತ್ತವೆ, ದೇಹ ಅದನ್ನು ಪರಕೀಯವೆಂದು ಎದುರಿಸುವುದಿಲ್ಲ. ಎರಡನೆಯ ಸಲದ ಶಸ್ತ್ರಚಿಕಿತ್ಸೆಯಲ್ಲಿ ಆ ಗುಂಡು ಇರುವುದಿಲ್ಲ. ಸೊಂಟದ ಮೇಲಂಚಿನಿಂದ ಮೂಳೆ ತೆಗೆಯಬಹುದು, ಆದರೆ ಸಿಗುವುದು ಸ್ವಲ್ಪ, ತೆಗೆದ ಜಾಗದ ನೋವು ತಿಂಗಳುಗಟ್ಟಲೆ. ಆಗ ದಾನಿಗಳ ಮೂಳೆಯನ್ನು ಶೈತ್ಯೀಕರಿಸಿಡುವ ಮೂಳೆ ಬ್ಯಾಂಕಿನ ಮೊರೆ ಹೋಗಬೇಕಾಗುತ್ತದೆ. ಒಬ್ಬರ ಮೂಳೆಯನ್ನು ಇನ್ನೊಬ್ಬರಿಗೆ ಜೋಡಿಸುವುದು ಹೊಸದಲ್ಲ. ಗ್ಲಾಸ್ಗೋದ ವಿಲಿಯಂ ಮೆಕ್ಯೂಯನ್ 1880ರ ಸುಮಾರಿಗೇ ಸೋಂಕಿನಿಂದ ತೋಳಿನ ಮೂಳೆ ಕಳೆದುಕೊಂಡಿದ್ದ ಹುಡುಗನಿಗೆ ಇತರ ಮಕ್ಕಳ ಮೂಳೆ ತುಂಡುಗಳನ್ನಿಟ್ಟು ತೋಳು ಉಳಿಸಿದ್ದರು.

ದಾನಿಯಿಂದ ಪಡೆದು ಶೈತ್ಯೀಕರಿಸಿಟ್ಟ ಮೂಳೆಯಲ್ಲಿ ಜೀವಕೋಶಗಳು ಉಳಿದಿರುವುದಿಲ್ಲ. ಹಾಗಿದ್ದೂ ಅದು ಕೆಲಸಕ್ಕೆ ಬರುವುದು ಹೇಗೆ? ಅದರ ಖನಿಜ ಮತ್ತು ಕೊಲಾಜೆನ್ನಿನ ಜಾಲ ಹಾಗೇ ಇರುತ್ತದೆ. ರೋಗಿಯ ಮೂಳೆಯಿಂದ ರಕ್ತನಾಳಗಳು ಆ ಜಾಲದೊಳಗೆ ನುಸುಳುತ್ತವೆ; ಅವುಗಳ ಹಿಂದೆಯೇ ಮೂಳೆ ಕರಗಿಸುವ ಕೋಶಗಳೂ ಮೂಳೆ ಕಟ್ಟುವ ಆಸ್ಟಿಯೊಬ್ಲಾಸ್ಟ್ ಕೋಶಗಳೂ ಬರುತ್ತವೆ. ಹಳೆಯ ಜಾಲ ಒಂದು ಕಡೆ ಕರಗುತ್ತಾ, ಅದರ ಮೇಲೆಯೇ ಹೊಸ ಮೂಳೆ ಕೂರುತ್ತಾ ಹೋಗುತ್ತದೆ. ಮೂಳೆಯೊಳಗೆ ಅಡಗಿರುವ ಪ್ರೋಟೀನುಗಳು ಹೊಸ ಮೂಳೆಯನ್ನು ಪ್ರಚೋದಿಸಬಲ್ಲವೆಂದು 1965ರಲ್ಲಿ ಮಾರ್ಷಲ್ ಯೂರಿಸ್ಟ್ ತೋರಿಸಿದರು. ಶೈತ್ಯೀಕರಿಸಿದ ಮೂಳೆಯಲ್ಲಿ ಆ ಗುಣ ಅಲ್ಪಸ್ವಲ್ಪ ಉಳಿದಿರುತ್ತದೆ. ನಿರ್ಜೀವ ಕಸಿ ಹೀಗೆ ಜೀವಂತ ಮೂಳೆಯಾಗಲು ಮೂರು ಒದಗಬೇಕು: ರಕ್ತ ಸೂಸುವ ಜೀವಂತ ಮೂಳೆಯ ನೆಲೆ, ಕಸಿ ಕಿಂಚಿತ್ತೂ ಅಲುಗದ ಸ್ಥಿರತೆ, ಮತ್ತು ಹದವಾದ ಭಾರ. ಭಾರ ಹೊರುವ ಕಡೆ ಮೂಳೆ ಬಲಿಯುತ್ತದೆ, ಹೊರದ ಕಡೆ ಕ್ಷೀಣಿಸುತ್ತದೆ ಎಂಬುದು ಜರ್ಮನಿಯ ಯೂಲಿಯಸ್ ವೋಲ್ಫ್ 1892ರಲ್ಲಿ ಗ್ರಂಥರೂಪದಲ್ಲಿ ನಿರೂಪಿಸಿದ ತತ್ವ. ಕಸಿಗೂ ಅದು ಅನ್ವಯಿಸುತ್ತದೆ.

ಮೊದಲು ಪ್ರಚಾರಕ್ಕೆ ಬಂದದ್ದು ಇಡೀ ತುಂಡನ್ನು ಕಸಿ ಮಾಡುವ ಕ್ರಮ. ಬಾಸ್ಟನ್ನಿನ ವಿಲಿಯಂ ಹ್ಯಾರಿಸ್ ಮತ್ತು ಸಂಗಡಿಗರು 1977ರಲ್ಲಿ ಇದನ್ನು ವಿವರಿಸಿದರು. ಡಿಸ್‌ಪ್ಲೇಸಿಯಾ ಇರುವ ರೋಗಿಯ ತೊಡೆಮೂಳೆಯ ಗುಂಡನ್ನೇ ಕತ್ತರಿಸಿ, ಬಟ್ಟಲಿನ ಮೇಲಂಚಿಗೆ ಸ್ಕ್ರೂಗಳಿಂದ ಬಿಗಿದು, ಇಲ್ಲದ ಚಾವಣಿಯನ್ನು ಕಟ್ಟಿಕೊಡುವುದು ಇದರ ತಿರುಳು. ಮೊದಲ ವರ್ಷಗಳ ಫಲಿತಾಂಶ ಉತ್ತೇಜನಕಾರಿಯಾಗಿತ್ತು. ಹಳೆಯ ಕೃತಕ ಕೀಲನ್ನು ತೆಗೆದು ಹೊಸದು ಹಾಕುವ ರಿವಿಷನ್ ಶಸ್ತ್ರಚಿಕಿತ್ಸೆಗಳಲ್ಲಿ ದಾನಿಯ ಗುಂಡನ್ನೂ ಹಾಗೆಯೇ ಬಳಸತೊಡಗಿದರು. ಆದರೆ ಹತ್ತು ವರ್ಷ ಕಳೆಯುವಷ್ಟರಲ್ಲಿ ಹ್ಯಾರಿಸರ ತಂಡವೇ ಎಚ್ಚರಿಕೆಯ ವರದಿಗಳನ್ನು ಪ್ರಕಟಿಸಿತು: ಕಾಲ ಕಳೆದಂತೆ ಕಪ್‌ಗಳು ಸಡಿಲಗೊಳ್ಳುವ ಪ್ರಮಾಣ ಏರುತ್ತಲೇ ಇತ್ತು, ಅದರಲ್ಲೂ ಕಪ್ಪಿನ ಬಹುಭಾಗ ಕಸಿಯ ಮೇಲೆಯೇ ಕೂತಿದ್ದ ಕಡೆ. ತಮ್ಮದೇ ವಿಧಾನದ ಸೋಲನ್ನು ಮುಚ್ಚಿಡದೆ ಬರೆದದ್ದು ಆ ತಂಡದ ದೊಡ್ಡತನ.  ಸೋಲಿನ ಕಾರಣ ಜೀವಶಾಸ್ತ್ರದಲ್ಲಿದೆ. ದೊಡ್ಡ ತುಂಡಿನೊಳಗೆ ರಕ್ತನಾಳಗಳು ಕೆಲವು ಮಿಲಿಮೀಟರ್‌ಗಳಷ್ಟೇ ಹೋಗಬಲ್ಲವು, ಮಧ್ಯಭಾಗ ನಿರ್ಜೀವವಾಗಿಯೇ ಉಳಿಯುತ್ತದೆ. ನಿರ್ಜೀವ ಮೂಳೆ ತನ್ನ ಬಿರುಕನ್ನು ತಾನೇ ಸರಿಪಡಿಸಿಕೊಳ್ಳಲಾರದು, ಭಾರ ಬಿದ್ದು ಬಿದ್ದು ಒಂದು ದಿನ ಕುಸಿಯುತ್ತದೆ. ಹಾಗೆಂದು ತುಂಡು ಕಸಿ ಪೂರ್ತಿ ನಿರರ್ಥಕವೇನಲ್ಲ. ರೋಗಿಯ ಸ್ವಂತ ಗುಂಡಿನ ಸಣ್ಣ ತುಂಡು, ಕಪ್ಪಿನ ಸ್ವಲ್ಪ ಭಾಗಕ್ಕೆ ಮಾತ್ರ ಆಸರೆಯಾಗಿದ್ದರೆ ಚೆನ್ನಾಗಿ ಬಾಳುತ್ತದೆ. ಟೊರಾಂಟೊದ ಅಲನ್ ಗ್ರಾಸ್ ಅವರಂಥವರು ದೊಡ್ಡ ತುಂಡುಗಳಿಗೆ ಲೋಹದ ಪಂಜರದ ರಕ್ಷಣೆ ಕೊಟ್ಟು ಕಷ್ಟದ ರೋಗಿಗಳನ್ನು ನಡೆಸಿದ್ದಾರೆ.

ಇನ್ನೊಂದು ದಾರಿ ಹುಟ್ಟಿದ್ದು ನೆದರ್ಲೆಂಡ್ಸ್‌ನ ನೈಮೇಗನ್‌ನಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಟಾಮ್ ಸ್ಲೂಫ್ 1970ರ ದಶಕದ ಕೊನೆಯಲ್ಲಿ ತುಂಡಿನ ಬದಲು ಮೂಳೆಯ ಚೂರುಗಳನ್ನು ಬಳಸತೊಡಗಿ, 1984ರಲ್ಲಿ ಆ ವಿಧಾನವನ್ನು ಪ್ರಕಟಿಸಿದರು. ಚೂರುಗಳನ್ನು ಹಳ್ಳದಲ್ಲಿಟ್ಟು ಸುಮ್ಮನೆ ಒತ್ತುವುದು ಮೊದಲೂ ಇತ್ತು. ಸ್ಲೂಫ್ ಅವುಗಳನ್ನು ಸುತ್ತಿಗೆಯಿಂದ ಬಡಿದು ಬಡಿದು ಗಟ್ಟಿಯಾದ ಪದರ ಮಾಡಿ, ಅದರ ಮೇಲೆ ನೇರವಾಗಿ ಸಿಮೆಂಟ್ ಹಾಕಿ ಕಪ್ ಕೂರಿಸಿದರು. ಇದಕ್ಕೆ ಇಂಪ್ಯಾಕ್ಷನ್ ಬೋನ್ ಗ್ರಾಫ್ಟಿಂಗ್ ಎಂಬ ಹೆಸರು ನಿಂತಿದೆ. ಹಿಂದೆ ಮಣ್ಣಿನ ನೆಲಕ್ಕೆ ದಿಮ್ಮಸು ಹಾಕುತ್ತಿದ್ದಂತೆಯೇ ಇದರ ಬಲವೂ: ಸಡಿಲ ಚೂರುಗಳು ಒಂದರೊಳಗೊಂದು ಕಚ್ಚಿಕೊಂಡು ಭಾರ ತಾಳುವ ಹಾಸಾಗುತ್ತವೆ.

ಕೆಲಸದ ಕ್ರಮ ನೋಡಿದರೆ ಇಲ್ಲಿ ಆತುರಕ್ಕೆ ಜಾಗವಿಲ್ಲವೆಂಬುದು ತಿಳಿಯುತ್ತದೆ. ಹಳೆಯ ಕಪ್, ಸಿಮೆಂಟಿನ ತುಣುಕು, ಪೊರೆ ಎಲ್ಲವನ್ನೂ ತೆಗೆದು, ಸೋಂಕಿನ ಪರೀಕ್ಷೆಗೆ ಮಾದರಿಗಳನ್ನು ಕಳಿಸುತ್ತಾರೆ. ಬಟ್ಟಲಿನ ಕೆಳತುದಿಯಲ್ಲಿ ಅಡ್ಡಲಾಗಿ ಹಾಯುವ ಅಸ್ಥಿಬಂಧ ಸಾಮಾನ್ಯವಾಗಿ ಉಳಿದಿರುತ್ತದೆ. ಕಪ್ ಎಷ್ಟು ಕೆಳಗೆ ಬರಬೇಕೆಂಬುದಕ್ಕೆ ಅದೇ ಗುರುತು. ಆ ಮಟ್ಟದಲ್ಲಿ ತಾತ್ಕಾಲಿಕ ಕಪ್ ಹಿಡಿದು ನೋಡಿದಾಗ ಎಲ್ಲೆಲ್ಲಿ ಖಾಲಿ ಎಂಬುದು ಗೊತ್ತಾಗುತ್ತದೆ. ಒಳಗೋಡೆಯಲ್ಲಿ ತೂತಿದ್ದರೆ, ಅಂಚು ಇಲ್ಲದಿದ್ದರೆ ಲೋಹದ ಜಾಲರಿಯನ್ನು ಬಾಗಿಸಿ, ಕತ್ತರಿಸಿ ಸ್ಕ್ರೂ ಹಾಕಿ ಮುಚ್ಚುತ್ತಾರೆ. ಹೀಗೆ ಮುರಿದ ಬಟ್ಟಲು ಮತ್ತೆ ಸುತ್ತುಗೋಡೆಯುಳ್ಳ ಗುಳಿಯಾಗುತ್ತದೆ. ಎಲ್ಲ ಕಡೆ ಆವರಣವಿಲ್ಲದೆ ಚೂರು ಬಡಿದರೆ ಅದು ಹೊರಕ್ಕೆ ಜಾರುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ಗಟ್ಟಿಮುಟ್ಟಾಗಿ ಮಿರುಗುವ ಮೂಳೆಯ ಮೈಯಲ್ಲಿ 2 ಮಿಲಿಮೀಟರ್‌ನ ಸಣ್ಣ ತೂತುಗಳನ್ನು ಕೊರೆದು ರಕ್ತ ಜಿನುಗಿಸುತ್ತಾರೆ.

ಅಷ್ಟರಲ್ಲಿ ಪಕ್ಕದ ಮೇಜಿನ ಮೇಲೆ ದಾನಿಯ ಗುಂಡನ್ನು, ಅದರ ಹಿಮ ಕರಗಿದ ಮೇಲೆ, ಸಹಾಯಕರು ಸಿದ್ಧಮಾಡುತ್ತಿರುತ್ತಾರೆ. ಮೇಲಿನ ಮೃದ್ವಸ್ಥಿಯನ್ನು ಪೂರ್ತಿ ಸುಲಿಯಬೇಕು, ಅದು ಒಳಗುಳಿದರೆ ಆ ಜಾಗದಲ್ಲಿ ಮೂಳೆ ಬೆಳೆಯುವುದಿಲ್ಲ. ಬಳಿಕ ರಾಂಜರ್ ಎಂಬ ಕತ್ತರಿಯಿಂದ ಕೈಯಲ್ಲೇ 7ರಿಂದ 10 ಮಿಲಿಮೀಟರ್ ಗಾತ್ರದ ಚೂರುಗಳನ್ನು ಕತ್ತರಿಸುತ್ತಾರೆ. ಗಿರಣಿಯಂಥ ಯಂತ್ರದಲ್ಲಿ ಪುಡಿಮಾಡಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಸಣ್ಣ ಪುಡಿ ಒಂದಕ್ಕೊಂದು ಕಚ್ಚಿಕೊಳ್ಳದೆ ಕಪ್ ಸರಿಯುತ್ತದೆ. ಚೂರುಗಳನ್ನು ತೊಳೆದು ಕೊಬ್ಬನ್ನೂ ಮಜ್ಜೆಯನ್ನೂ ತೆಗೆದರೆ ಹಾಸು ಇನ್ನಷ್ಟು ಗಟ್ಟಿಯಾಗುತ್ತದೆ. ಮೊದಲು ಸಣ್ಣ ಗುಳಿಗಳನ್ನು ತುಂಬಿ, ಆಮೇಲೆ ಇಡೀ ಬಟ್ಟಲನ್ನು ಪದರ ಪದರವಾಗಿ ಹಾಸಿ, ಅರ್ಧಗೋಳಾಕಾರದ ಬಡಿಗೋಲುಗಳನ್ನು ಒಂದರ ನಂತರ ಒಂದು ದೊಡ್ಡದಿಟ್ಟು ಸುತ್ತಿಗೆಯಿಂದ ಹೊಡೆಯುತ್ತಾರೆ. ಕೈಗೆ ಸಾಕಾದರೂ ಇಲ್ಲಿ ಅಡ್ಡದಾರಿ ಹಿಡಿಯುವಂತಿಲ್ಲ. ಬಟ್ಟಲು ಕೊರೆಯುವ ರೀಮರನ್ನು ಹಿಮ್ಮುಖವಾಗಿ ತಿರುಗಿಸಿ ಚೂರುಗಳನ್ನು ಒತ್ತುವ ಸುಲಭ ಕ್ರಮವೂ ಬಳಕೆಯಲ್ಲಿದೆ, ಆದರೆ ಸಿಮೆಂಟ್ ಕಪ್ಪಿನಡಿ ಅದು ಸುತ್ತಿಗೆಯ ಹೊಡೆತದಷ್ಟು ಸ್ಥಿರತೆ ಕೊಡದೆಂದು ಪ್ರಯೋಗಗಳು ತೋರಿಸಿವೆ. ಕೊನೆಗೆ ಕನಿಷ್ಠ 5 ಮಿಲಿಮೀಟರ್ ದಪ್ಪದ ಹಾಸು ನಿಲ್ಲಬೇಕು. ದೊಡ್ಡ ಹಳ್ಳಗಳಲ್ಲಿ ಅದು ಸೆಂಟಿಮೀಟರ್‌ಗಟ್ಟಲೆ ಇರುತ್ತದೆ, ಅದಕ್ಕೆ ಎರಡು ಮೂರು ಗುಂಡುಗಳು ಖರ್ಚಾಗುತ್ತವೆ. ಅದರ ಮೇಲೆ ಪ್ರತಿಜೈವಿಕ ಬೆರೆಸಿದ ಸಿಮೆಂಟನ್ನು ಒತ್ತಿ ತುಂಬಿ ಕಪ್ ಹಿಡಿದು ನಿಲ್ಲಿಸುತ್ತಾರೆ.

ಒಳಗೆ ಹೊಸ ಮೂಳೆ ನಿಜಕ್ಕೂ ಹುಟ್ಟುತ್ತದೆಯೇ ಎಂಬ ಸಂಶಯ ಸಹಜ. ಎಕ್ಸ್-ರೇನಲ್ಲಿ ಬಿಳುಪು ಕಂಡ ಮಾತ್ರಕ್ಕೆ ಅದು ಜೀವಂತ ಮೂಳೆಯೆಂದು ಹೇಳುವಂತಿಲ್ಲ. ನೈಮೇಗನ್ ತಂಡ ಮೊದಲು ಆಡುಗಳ ಮೇಲೆ ಪ್ರಯೋಗ ನಡೆಸಿತು. ನಂತರ, ಬೇರೆ ಕಾರಣಗಳಿಗಾಗಿ ಮತ್ತೆ ಶಸ್ತ್ರಚಿಕಿತ್ಸೆಗೆ ಬಂದ ರೋಗಿಗಳ ಬಟ್ಟಲಿನಿಂದ ಸಣ್ಣ ಮಾದರಿಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿತು. ಕಸಿಯಾಗಿ ಕೆಲವೇ ತಿಂಗಳಾದವರ ಮಾದರಿಗಳೂ ಇದ್ದವು, ಹದಿನೈದು ವರ್ಷದಷ್ಟು ಹಳೆಯವೂ ಇದ್ದವು. ರಕ್ತನಾಳಗಳು ಬೇಗನೆ ಒಳಹೊಕ್ಕಿದ್ದವು, ಸತ್ತ ಚೂರುಗಳ ಮೇಲೆ ಹೊಸ ಮೂಳೆ ಕೂತಿತ್ತು. ಹಳೆಯ ಮಾದರಿಗಳ ಬಹುಭಾಗದಲ್ಲಿ ಸಾಮಾನ್ಯ ಮೂಳೆಯ ರಚನೆಯೇ ಕಾಣುತ್ತಿತ್ತು. ಅಲ್ಲಲ್ಲಿ ನಾರಿನಂಥ ಅಂಗಾಂಶವೂ ಜೀವಂತ ಮೂಳೆಯಾಗದ ಚೂರುಗಳೂ ಉಳಿದಿದ್ದವು. ಅದೇ ತಂಡದ ವಿಮ್ ಸ್ಕ್ರೂರ್ಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ 20ರಿಂದ 25 ವರ್ಷಗಳ ವರದಿ ಈ ವಿಧಾನದ ಅತಿ ದೀರ್ಘ ಸಾಕ್ಷ್ಯಗಳಲ್ಲೊಂದು. 58 ರೋಗಿಗಳ 62 ರಿವಿಷನ್ ಕೀಲುಗಳಲ್ಲಿ, 20 ವರ್ಷದ ಗಡಿಯಲ್ಲಿ ಯಾವುದೇ ಕಾರಣಕ್ಕೂ ಕಪ್ ಬದಲಿಸದೆ ಉಳಿದ ಪ್ರಮಾಣ ಶೇ. 75, ಸೋಂಕಿಲ್ಲದ ಸಡಿಲಿಕೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಶೇ. 87. ಒಮ್ಮೆ ಸೋತ ಬಟ್ಟಲಿನಲ್ಲಿ ಇಪ್ಪತ್ತು ವರ್ಷ ಎಂದರೆ ಸಣ್ಣ ಮಾತಲ್ಲ. ಆದರೆ ಈ ಅಂಕಿ ವಿಧಾನವನ್ನು ಕಟ್ಟಿ ಬೆಳೆಸಿದವರ ಕೈಯದ್ದು ಎಂಬುದನ್ನೂ ಗಮನದಲ್ಲಿಡಬೇಕು. ಜಾಲರಿಯಿಂದ ಕಟ್ಟಿದ ಅಂಚು ದೊಡ್ಡದಾದಷ್ಟೂ, ಬಟ್ಟಲೇ ಎರಡು ಹೋಳಾಗಿದ್ದಾಗಲೂ ಸೋಲು ಹೆಚ್ಚು.

ಇಷ್ಟಕ್ಕೆಲ್ಲ ಬೇಕಾದ ಮೂಳೆ ಬರುವುದು ಎಲ್ಲಿಂದ? ಬಹುಪಾಲು ಬದುಕಿರುವವರಿಂದಲೇ. ಕೀಲು ಸವೆದು ಅಥವಾ ತೊಡೆಮೂಳೆಯ ಕತ್ತು ಮುರಿದು ಕೃತಕ ಕೀಲು ಹಾಕಿಸಿಕೊಳ್ಳುವವರಿಂದ ತೆಗೆದ ಗುಂಡು ಹಾಗೆ ಬಿಟ್ಟರೆ ಕಸದ ಪಾಲು. ರೋಗಿ ಒಪ್ಪಿಗೆ ಕೊಟ್ಟರೆ ಅದನ್ನು ಥಿಯೇಟರಿನಲ್ಲೇ ಕ್ರಿಮಿಶುದ್ಧ ಡಬ್ಬಿಯಲ್ಲಿಟ್ಟು ಮೈನಸ್ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಫ್ರೀಜರಿಗೆ ಸೇರಿಸುತ್ತಾರೆ. ದಾನಿಗೆ ಹಿಂದೆ ಕ್ಯಾನ್ಸರ್ ಇತ್ತೇ, ಸೋಂಕುಗಳಿವೆಯೇ ಎಂದು ವಿಚಾರಿಸಿ, ಎಚ್.ಐ.ವಿ., ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆ ಮಾಡುತ್ತಾರೆ. ಸೋಂಕು ತಗುಲಿದ ಹೊಸತರಲ್ಲಿ ರಕ್ತಪರೀಕ್ಷೆ ಅದನ್ನು ಹಿಡಿಯದೆ ಇರಬಹುದಾದ್ದರಿಂದ, ಆರು ತಿಂಗಳು ಆ ಮೂಳೆಯನ್ನು ತಡೆಹಿಡಿದು ದಾನಿಯನ್ನು ಇನ್ನೊಮ್ಮೆ ಪರೀಕ್ಷಿಸಿದ ಮೇಲೆ ಬಿಡುಗಡೆ ಮಾಡುವ ಪದ್ಧತಿ ಬಂತು. ಮೂಳೆಯನ್ನು ಒಣಗಿಸಿ ಗಾಮಾ ಕಿರಣದಿಂದ ಶುದ್ಧಗೊಳಿಸುವುದು ಇನ್ನೊಂದು ದಾರಿ. ಕಿರಣದ ಪ್ರಮಾಣ ಹೆಚ್ಚಿದಷ್ಟೂ ಮೂಳೆಯ ಬಲ ಸ್ವಲ್ಪ ಕುಗ್ಗುತ್ತದೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅಂಗಾಂಶ ಬ್ಯಾಂಕು 1988ರಿಂದ ಈ ಕೆಲಸ ಮಾಡುತ್ತಾ ಬಂದಿದೆ. ಅಂಗಾಂಗ ಕಸಿ ಕುರಿತ 1994ರ ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿ ಅಂಗಾಂಶಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿ, ಅಂಗಾಂಶ ಬ್ಯಾಂಕುಗಳಿಗೆ ನೋಂದಣಿ ಕಡ್ಡಾಯ ಮಾಡಿತು. ಇಷ್ಟಿದ್ದರೂ ದೇಶದ ಶಸ್ತ್ರಚಿಕಿತ್ಸೆಗಳ ಸಂಖ್ಯೆಗೆ ಹೋಲಿಸಿದರೆ ಮೂಳೆ ಬ್ಯಾಂಕುಗಳು ತೀರ ಕಡಿಮೆ. ಕಣ್ಣಿನ ದಾನದ ಬಗ್ಗೆ ಹಳ್ಳಿಯಲ್ಲೂ ಮಾತಾಡುತ್ತಾರೆ, ತಮ್ಮ ಸವೆದ ಗುಂಡಿನಿಂದ ಇನ್ನೊಬ್ಬರು ನಡೆದಾಡಬಹುದೆಂಬುದು ಬಹಳ ಮಂದಿಗೆ ಗೊತ್ತೇ ಇಲ್ಲ. ಶಸ್ತ್ರಚಿಕಿತ್ಸೆಯ ಮುಂಚೆ ಆಸ್ಪತ್ರೆಯವರು ಕೇಳದಿರುವುದೂ ಇದಕ್ಕೆ ಕಾರಣ. ಮೂಳೆ ಸಾಲದಾದಾಗ ಕ್ಯಾಲ್ಸಿಯಂ ಫಾಸ್ಫೇಟಿನ ಕೃತಕ ಹರಳುಗಳನ್ನು ಚೂರುಗಳೊಂದಿಗೆ ಬೆರೆಸುತ್ತಾರೆ. ಅವು ಪ್ರಮಾಣ ಹೆಚ್ಚಿಸುತ್ತವೆ, ಮೂಳೆಯ ಸ್ಥಾನವನ್ನು ಪೂರ್ತಿ ತುಂಬುವುದಿಲ್ಲ.

ಕಳೆದ ಎರಡು ಮೂರು ದಶಕಗಳಲ್ಲಿ ಲೋಹ ಬಹಳ ಮುಂದೆ ಬಂದಿದೆ. ದೊಡ್ಡ ಹಳ್ಳಕ್ಕೆ ದೊಡ್ಡ ಕಪ್ಪನ್ನೇ ಸ್ಕ್ರೂ ಬಿಗಿದು ಕೂರಿಸುವುದು ಈಗ ಅತಿ ಸಾಮಾನ್ಯ. ಟ್ಯಾಂಟಲಮ್ ಎಂಬ ಲೋಹದಿಂದ ರಂಧ್ರಮಯ ಕಪ್‌ಗಳನ್ನೂ, ಅರ್ಧಚಂದ್ರಾಕಾರದ ಆಸರೆ ತುಂಡುಗಳನ್ನೂ ಮಾಡುತ್ತಾರೆ. ಅದರ ರಂಧ್ರಗಳೊಳಗೆ ರೋಗಿಯ ಮೂಳೆ ಚೆನ್ನಾಗಿ ಬೇರೂರುತ್ತದೆ, ತುಂಡು ಕಸಿಯಂತೆ ಅದು ಕರಗಿ ಕುಸಿಯುವುದಿಲ್ಲ. ಬಟ್ಟಲು ಹೋಳಾಗಿದ್ದರೆ ಇಲಿಯಮ್‌ನಿಂದ ಇಸ್ಕಿಯಮ್‌ವರೆಗೆ ಸೇತುವೆಯಾಗುವ ಲೋಹದ ಪಂಜರಗಳಿವೆ, ಸ್ವಿಟ್ಜರ್ಲೆಂಡಿನಲ್ಲಿ ರೂಪುಗೊಂಡ ಬರ್ಕ್–ಶ್ನೈಡರ್ ಪಂಜರ ಅವುಗಳಲ್ಲಿ ಹೆಸರಾದದ್ದು. ಸಿ.ಟಿ. ಸ್ಕ್ಯಾನ್ ಆಧರಿಸಿ ಒಬ್ಬ ರೋಗಿಗೆಂದೇ ಮುದ್ರಿಸಿದ ಟೈಟಾನಿಯಂ ಬಟ್ಟಲುಗಳೂ ಬಂದಿವೆ, ಬೆಲೆ ಮಾತ್ರ ಎಲ್ಲರಿಗೂ ಎಟುಕುವಂಥದ್ದಲ್ಲ. ಹಾಗಾದರೆ ಕಸಿ ಹಳತಾಯಿತೇ? ಇಲ್ಲ. ಸಿಮೆಂಟಿಲ್ಲದ ಕಪ್ ರೋಗಿಯ ಜೀವಂತ ಮೂಳೆಗೆ ಅರ್ಧದಷ್ಟಾದರೂ ತಾಗುವಂತಿದ್ದರೆ, ಉಳಿದ ಗುಳಿಗಳನ್ನು ಚೂರು ಕಸಿಯಿಂದ ತುಂಬುವುದು ರೂಢಿ. ಅಲ್ಲಿ ಭಾರ ಹೊರುವುದು ಲೋಹ, ಮೂಳೆ ನಿಧಾನವಾಗಿ ಒಳಗೆ ಬೆಳೆಯುತ್ತದೆ. ಎಪ್ಪತ್ತು ದಾಟಿ ಬೇಗ ಎದ್ದು ಓಡಾಡಬೇಕಾದವರಿಗೆ ಲೋಹದ ದಾರಿಯೇ ಲೇಸು, ತಿಂಗಳುಗಟ್ಟಲೆ ಭಾರ ಹಾಕದೆ ಇರುವುದು ಅವರಿಗೆ ಇನ್ನೊಂದು ಕಾಯಿಲೆಯಾದೀತು. ಆದರೆ ನಲವತ್ತರ ವ್ಯಕ್ತಿಯ ಬಟ್ಟಲನ್ನು ಲೋಹದಿಂದಲೇ ತುಂಬಿದರೆ, ಮುಂದೊಂದು ದಿನ ಅದನ್ನು ಕೀಳುವಾಗ ಹಳ್ಳ ಮೊದಲಿಗಿಂತ ದೊಡ್ಡದಾಗಿರುತ್ತದೆ. ಕಸಿ ಯಶಸ್ವಿಯಾದರೆ ಅಲ್ಲಿ ಮೂಳೆ ಇರುತ್ತದೆ. ಕಸಿಯ ಶ್ರಮ, ಸಮಯ, ಸುದೀರ್ಘ ವಿಶ್ರಾಂತಿ ಎಲ್ಲವನ್ನೂ ಸಮರ್ಥಿಸುವ ಅಂಶ ಇದೊಂದೇ, ಮತ್ತು ಇದು ಬಹಳ ಬಲವಾದದ್ದು.

ಸೋಂಕಿರುವ ಕೀಲಿಗೆ ನೇರವಾಗಿ ಕಸಿ ಹಾಕುವುದು ಅಪಾಯ. ಹಳೆಯದನ್ನೆಲ್ಲ ತೆಗೆದು, ಪ್ರತಿಜೈವಿಕ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ತುಂಡನ್ನು ಆ ಜಾಗದಲ್ಲಿಟ್ಟು, ವಾರಗಟ್ಟಲೆ ಔಷಧ ಕೊಟ್ಟು, ಸೋಂಕು ಹೋಯಿತೆಂದು ಖಾತ್ರಿಯಾದ ಮೇಲೆ ಎರಡನೆಯ ಹಂತದಲ್ಲಿ ಕಸಿ ಮತ್ತು ಹೊಸ ಕೀಲು ಹಾಕುವುದು ಹೆಚ್ಚಿನವರು ಒಪ್ಪುವ ಕ್ರಮ.

ಶಸ್ತ್ರಚಿಕಿತ್ಸೆ ಮುಗಿದ ಮೇಲೂ ಕಸಿಯ ಅರ್ಧ ಹಣೆಬರಹ ರೋಗಿಯ ಕೈಯಲ್ಲಿರುತ್ತದೆ. ನೈಮೇಗನ್‌ನ ಆರಂಭದ ವರ್ಷಗಳಲ್ಲಿ ರೋಗಿಗಳನ್ನು ವಾರಗಟ್ಟಲೆ ಹಾಸಿಗೆಯಲ್ಲೇ ಇಡುತ್ತಿದ್ದರು. ಈಗ ಬೇಗ ಎಬ್ಬಿಸುತ್ತಾರೆ. ಆದರೆ ದೊಡ್ಡ ಕಸಿಯಾದರೆ ಮೊದಲ ಆರು ವಾರ ಊರುಗೋಲೋ ವಾಕರೋ ಹಿಡಿದು ಪಾದ ನೆಲಕ್ಕೆ ತಾಗಿಸುವುದಷ್ಟೇ, ಮುಂದಿನ ಆರು ವಾರ ಅರ್ಧ ಭಾರ, ಆಮೇಲೆ ಪೂರ್ಣ. ನೋವು ಬೇಗ ಇಳಿಯುವುದರಿಂದ ಊರುಗೋಲನ್ನು ಮೂಲೆಗೆ ಎಸೆಯುವ ಆತುರ ಸಹಜ, ಆದರೆ ಹಾಸಿನೊಳಗೆ ರಕ್ತನಾಳಗಳು ಇಳಿಯುತ್ತಿರುವುದು ಅದೇ ವಾರಗಳಲ್ಲಿ. ರಿವಿಷನ್ ಕೀಲುಗಳು ಜಾರಿ ಹೊರಬರುವ ಸಂಭವ ಮೊದಲ ಸಲದ ಕೀಲಿಗಿಂತ ಹೆಚ್ಚು. ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ನೆಲದಿಂದ ಬಗ್ಗಿ ಎತ್ತುವುದು ಬೇಡವೆನ್ನುವುದು ಇದಕ್ಕೇ. ಮನೆಯಲ್ಲಿ ಎತ್ತರದ ಕುರ್ಚಿ, ಕಮೋಡ್ ಮೊದಲೇ ಸಿದ್ಧವಿರಬೇಕು. ಧೂಮಪಾನ ರಕ್ತನಾಳಗಳ ಬೆಳವಣಿಗೆಯನ್ನು ಕುಂದಿಸುವುದರಿಂದ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಬಿಡಬೇಕು.

ಮೊದಲ ವರ್ಷ ಕೆಲವು ಸಲ, ಆಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಎಕ್ಸ್-ರೇ ತೆಗೆಸಬೇಕು, ನೋವಿಲ್ಲದಿದ್ದರೂ. ಚಿತ್ರದಲ್ಲಿ ಕಸಿಯ ಬಿಳುಪು ಸುತ್ತಲಿನ ಮೂಳೆಯಂತೆಯೇ ಕಾಣತೊಡಗುವುದು, ಮೂಳೆಯ ಎಳೆಗಳು ಕಸಿಯನ್ನು ದಾಟಿ ಹಾಯುವುದು ಒಳ್ಳೆಯ ಸೂಚನೆ. ಮೊದಲ ತಿಂಗಳುಗಳಲ್ಲಿ ಕಪ್ ಒಂದೆರಡು ಮಿಲಿಮೀಟರ್ ಕುಳಿತುಕೊಂಡು ನಿಲ್ಲಬಹುದು, ಅದಕ್ಕೆ ಹೆದರಬೇಕಿಲ್ಲ. ಕಪ್ಪಿನ ಸುತ್ತಲನ್ನು ವೈದ್ಯರು ಮೂರು ವಲಯಗಳಾಗಿ ನೋಡುತ್ತಾರೆ; ಆ ಮೂರರಲ್ಲೂ ಕಪ್ಪು ಗೆರೆ ಮೂಡಿ ಅಗಲವಾಗುತ್ತಾ ಹೋದರೆ, ಅಥವಾ ಕಪ್ 5 ಮಿಲಿಮೀಟರ್ ಇಲ್ಲವೇ ಅದಕ್ಕಿಂತ ಹೆಚ್ಚು ಸರಿದಿದ್ದರೆ ಅದು ಸಡಿಲಗೊಂಡಿದೆಯೆಂದು ಎಣಿಸುತ್ತಾರೆ. ಆಗ ತಡಮಾಡದೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿದರೆ ಉಳಿದ ಮೂಳೆ ಹಾಳಾಗುವುದು ತಪ್ಪುತ್ತದೆ. ಹೀಗೆ ಸೋತ ಕಸಿಗಳನ್ನು ತೆರೆದಾಗ ಹಳ್ಳದ ಒಂದು ಭಾಗ ಹೊಸ ಮೂಳೆಯಿಂದ ತುಂಬಿರುವುದು ಎಷ್ಟೋ ಸಲ ಕಂಡುಬಂದಿದೆ, ಉಳಿದ ಭಾಗಕ್ಕೆ ಅದೇ ವಿಧಾನದಿಂದ ಮತ್ತೊಮ್ಮೆ ಕಸಿ ಮಾಡಿ ಕಪ್ ಕೂರಿಸಲಾಗಿದೆ.